ಸಮಾಜಶಾಸ್ತ್ರದ ಜೊತೆಗೊಂದು ವಿದೇಶಿ ಭಾಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿದವರು, ಬಿಎ ಓದುತ್ತಿರುವವರು, ಅವರ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಜರ್ಮನ್, ಫ್ರೆಂಚ್ ಭಾಷೆಗಳವು. ನಮ್ಮ ಸಿಲಬಸ್‌ನಲ್ಲಿರುವ ಹಳೆಯ ಚಿಂತಕರಲ್ಲಿ ಮುಕ್ಕಾಲು ಪಾಲು ಜನ ಬರೆದದ್ದು ಆ ಎರಡರಲ್ಲೇ. ಬೇರೆ ಭಾಷೆಗಳ ಮಾತೂ ಮುಂದೆ ಬರುತ್ತದೆ.

ಸಮಾಜಶಾಸ್ತ್ರಕ್ಕೂ ವಿದೇಶಿ ಭಾಷೆಗೂ ಏನು ಸಂಬಂಧ?

ಮೊದಲ ಸೆಮಿಸ್ಟರ್‌ನ ಪುಸ್ತಕ ತೆಗೆದು ನೋಡಿ. ಡರ್ಖೀಮ್ ಫ್ರೆಂಚ್‌ನಲ್ಲಿ ಬರೆದವರು. ಮಾರ್ಕ್ಸ್, ವೇಬರ್, ಜಿಮ್ಮೆಲ್ ಜರ್ಮನ್‌ನಲ್ಲಿ. ಡರ್ಖೀಮ್ ಸ್ವತಃ 1885-86ರಲ್ಲಿ ಜರ್ಮನಿಗೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಏನು ನಡೆಯುತ್ತಿದೆ ಅಂತ ನೋಡಿಕೊಂಡು ಬಂದರು. ಬೇರೆ ಭಾಷೆಯಲ್ಲಿ ನಡೆಯುತ್ತಿರುವ ಚರ್ಚೆಗೆ ಕಿವಿಗೊಡುವ ಅಭ್ಯಾಸ ಈ ವಿಷಯದ ಒಳಗೇ ಇದೆ.

ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ದ್ಯುಮೋ ಅವರ ಕತೆ ಇನ್ನೂ ಸ್ವಾರಸ್ಯದ್ದು. ಜಾತಿಯ ಬಗ್ಗೆ ಇವರ ವಾದವನ್ನು ಒಪ್ಪಲಿ ಬಿಡಲಿ, ಓದದೆ ಎಂಎ ಮುಗಿಯುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕ ಫ್ರೆಂಚ್ ಸೈನಿಕ ಅವರು. ಹ್ಯಾಂಬರ್ಗ್ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹಾಕಿದ್ದರು. ಆ ಸೆರೆಯಲ್ಲಿದ್ದುಕೊಂಡೇ ಜೈನ ಗ್ರಂಥಗಳ ವಿದ್ವಾಂಸರಾಗಿದ್ದ ವಾಲ್ಟರ್ ಶೂಬ್ರಿಂಗ್ ಅವರ ಬಳಿ ಸಂಸ್ಕೃತ ಕಲಿತರು. ಯುದ್ಧ ಮುಗಿದ ಮೇಲೆ ತಮಿಳು ಕಲಿತು ತಮಿಳುನಾಡಿನ ಪಿರಮಲೈ ಕಳ್ಳರ್ ಸಮುದಾಯದ ನಡುವೆ ಕ್ಷೇತ್ರಕಾರ್ಯ ಮಾಡಿದರು. ಟೈಮ್ ಇಲ್ಲ ಅಂತ ಭಾಷೆ ಬಿಡುವವರಿಗೆ ನಾನು ಈ ಕತೆ ಹೇಳುತ್ತೇನೆ.

ಎಲ್ಲವೂ ಇಂಗ್ಲಿಷ್‌ನಲ್ಲೇ ಸಿಗುತ್ತಲ್ಲ, ಮತ್ತೆ ಯಾಕೆ ಕಷ್ಟ?

ಸಿಗುತ್ತದೆ, ಆದರೆ ನಿಧಾನವಾಗಿ. ಕಳ್ಳರ್ ಸಮುದಾಯದ ಬಗ್ಗೆ ದ್ಯುಮೋ ಬರೆದ ದೊಡ್ಡ ಪುಸ್ತಕ ಫ್ರೆಂಚ್‌ನಲ್ಲಿ ಬಂದದ್ದು 1957ರಲ್ಲಿ, ಇಂಗ್ಲಿಷ್‌ಗೆ ಬಂದದ್ದು 1986ರಲ್ಲಿ. ಪಕ್ಕದ ರಾಜ್ಯದ ಬಗೆಗಿನ ಪುಸ್ತಕವನ್ನು ನಮ್ಮವರು ಓದಲು ಅಷ್ಟು ವರ್ಷ ಕಾಯಬೇಕಾಯಿತು. ಜಾತಿಯ ಬಗ್ಗೆ ಸೆಲೆಸ್ತಾಂ ಬೂಗ್ಲೆ 1908ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟಿಸಿದ ಪ್ರಬಂಧಗಳು ಇಂಗ್ಲಿಷ್‌ಗೆ ಬಂದದ್ದು 1971ರಲ್ಲಿ. ಜಿಮ್ಮೆಲ್ ಅವರ 1908ರ ಮುಖ್ಯ ಗ್ರಂಥ ಪೂರ್ತಿಯಾಗಿ ಇಂಗ್ಲಿಷ್‌ನಲ್ಲಿ ಸಿಕ್ಕಿದ್ದು 2009ರಲ್ಲಿ. ಇವೆಲ್ಲ ದೊಡ್ಡ ಹೆಸರುಗಳು. ಸಣ್ಣ ಲೇಖನ, ಪಿಎಚ್‌ಡಿ ಪ್ರಬಂಧ, ಸಮೀಕ್ಷೆಯ ವರದಿಗಳನ್ನು ಯಾರೂ ಅನುವಾದ ಮಾಡುವುದೇ ಇಲ್ಲ.

ಇನ್ನೊಂದು ಕಾರಣ ನಮ್ಮ ಮನೆ ಬಾಗಿಲಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಚ್ಚುಕೂಟ, 1843ರಲ್ಲಿ 'ಮಂಗಳೂರ ಸಮಾಚಾರ', 1865ರಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು. ಇಷ್ಟನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಆದರೆ ಆ ಜನ ಊರಿಗೆ ಬರೆದ ಪತ್ರಗಳು, ವರ್ಷಕ್ಕೊಮ್ಮೆ ಕಳಿಸಿದ ವರದಿಗಳು ಹೆಚ್ಚಿನವು ಜರ್ಮನ್‌ನಲ್ಲಿವೆ. ಯಾರು ಮತಾಂತರ ಆದರು, ಆದವರನ್ನು ಮನೆಯವರು ಹೇಗೆ ನಡೆಸಿಕೊಂಡರು, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳಲ್ಲಿ ಯಾರಿಗೆ ಕೆಲಸ ಸಿಕ್ಕಿತು ಎಂಬುದೆಲ್ಲ ಅದರಲ್ಲಿದೆ. ಕರಾವಳಿಯ, ಧಾರವಾಡ ಭಾಗದ 19ನೇ ಶತಮಾನದ ಜಾತಿ ಮತ್ತು ದುಡಿಮೆ ನಿಮ್ಮ ವಿಷಯವಾದರೆ ಆ ಕಾಗದಗಳನ್ನು ಬಿಟ್ಟು ಹೋಗುವ ಹಾಗಿಲ್ಲ.

ಬರೀ ಜರ್ಮನ್ ಬಂದರೂ ಸಾಲದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೈಬರಹದ ಪತ್ರಗಳು ಹಳೆಯ ಕುರ್ರೆಂಟ್ ಲಿಪಿಯಲ್ಲಿವೆ. ಅದರಲ್ಲಿ 'ಇ' ಅಕ್ಷರ ನಮ್ಮ ಕಣ್ಣಿಗೆ 'ಎನ್' ಥರ ಕಾಣುತ್ತದೆ. 'ಯು' ಮತ್ತು 'ಎನ್' ಬೇರೆ ಮಾಡಲು 'ಯು' ತಲೆಯ ಮೇಲೊಂದು ಸಣ್ಣ ಕೊಕ್ಕೆ ಹಾಕುತ್ತಿದ್ದರು. ಆ ಕೊಕ್ಕೆ ಹುಡುಕುತ್ತಾ ಓದುವುದೇ ಮೊದಮೊದಲ ಪಾಠ. ಮೊದಲ ಪುಟಕ್ಕೆ ಇಡೀ ಮಧ್ಯಾಹ್ನ ಹೋದರೆ ಗಾಬರಿ ಬೇಡ, ಎಲ್ಲರಿಗೂ ಹಾಗೇ. ಅಚ್ಚಾದ ವರದಿಗಳು ಇದಕ್ಕಿಂತ ಎಷ್ಟೋ ಸುಲಭ, ಅಲ್ಲಿಂದ ಶುರು ಮಾಡಿ.

ಯಾವ ಭಾಷೆ ಆರಿಸಿಕೊಳ್ಳಲಿ?

ಏನನ್ನು ಓದಬೇಕು, ಯಾರ ಜೊತೆ ಮಾತಾಡಬೇಕು ಅನ್ನುವುದನ್ನು ಮೊದಲು ಯೋಚಿಸಿ, ಭಾಷೆ ಆಮೇಲೆ. ಬೆಂಗಳೂರಿನಲ್ಲಿ ಈಗ ಜರ್ಮನ್‌ಗೆ ಗಿರಾಕಿ ಜಾಸ್ತಿ ಅಂತ ಎಲ್ಲರೂ ಅದಕ್ಕೇ ಸೇರುತ್ತಾರೆ. ಸೇರಿದವರಲ್ಲಿ ಎಷ್ಟೋ ಜನ ಆರು ಹಂತಗಳಲ್ಲಿ ಎರಡನೆಯದಾದ ಎ2 ಮುಗಿಸಿ ನಿಲ್ಲಿಸುತ್ತಾರೆ. ಮುಂದಕ್ಕೆ ಎಳೆಯುವಂಥದ್ದು ಏನೂ ಇರುವುದಿಲ್ಲ, ಅದಕ್ಕೆ.

ಸಿದ್ಧಾಂತ, ಧರ್ಮ, ನಗರ ಜೀವನ ಇಷ್ಟವಾದರೆ ಜರ್ಮನ್. ಸಮಾಜಶಾಸ್ತ್ರಜ್ಞ ಬೂರ್ದಿಯು ಥರದವರನ್ನು ಓದುವ ಆಸೆ, ಶಿಕ್ಷಣ ಮತ್ತು ವರ್ಗದ ಅಧ್ಯಯನ, ಪಶ್ಚಿಮ ಆಫ್ರಿಕಾ ಅಥವಾ ಪುದುಚೇರಿ ಕಡೆ ಆಸಕ್ತಿ ಇದ್ದರೆ ಫ್ರೆಂಚ್. ಭೂ ಹೋರಾಟ, ಮೂಲನಿವಾಸಿಗಳ ಚಳವಳಿಗಳನ್ನು ಹೋಲಿಸಿ ನೋಡಬೇಕಾದರೆ ಸ್ಪ್ಯಾನಿಷ್.

ನನ್ನನ್ನು ಕೇಳಿದರೆ, ಕರಾವಳಿಯ ವಿದ್ಯಾರ್ಥಿಗಳು ಸುಮ್ನೆ ಕೈಬಿಡುತ್ತಿರುವ ಭಾಷೆ ಅರಬ್ಬಿ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದಿಂದ ಕೊಲ್ಲಿಗೆ ದುಡಿಯಲು ಹೋದವರಿಲ್ಲದ ಬೀದಿ ಕಾಣುವುದು ಕಷ್ಟ. ಆ ವಲಸೆಯ ಬಗ್ಗೆ ಬರೆಯುವವರು ಇಲ್ಲಿನ ಮನೆಗಳಲ್ಲಿ ತುಳು, ಬ್ಯಾರಿ, ನವಾಯತಿ, ಕನ್ನಡದಲ್ಲಿ ಮಾತಾಡಿಸಿ, ಅಲ್ಲಿನ ಕೆಲಸದ ಕರಾರು, ಕಾನೂನು, ಪತ್ರಿಕೆಗಳನ್ನು ಅರಬ್ಬಿಯಲ್ಲೇ ಓದುವಂತಾದರೆ ಅದರ ತೂಕವೇ ಬೇರೆ. ಮದರಸದಲ್ಲಿ ಲಿಪಿ ಕಲಿತವರಿಗೆ ಅರ್ಧ ದಾರಿ ಆಗಲೇ ಸಾಗಿದೆ. ನಮ್ಮ ಪಿಯುಸಿಯಲ್ಲೂ ಅರಬ್ಬಿ ಒಂದು ಭಾಷಾ ವಿಷಯವಾಗಿದೆ.

ಮೈಸೂರು, ಕೊಡಗಿನ ಕಡೆಯವರಿಗೆ ಇನ್ನೊಂದು ಮಾತು. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಟಿಬೆಟನ್ ಕಲಿತರೆ ಕ್ಷೇತ್ರಕಾರ್ಯಕ್ಕೆ ಕುಶಾಲನಗರದ ಬಸ್ ಹತ್ತಿದರೆ ಸಾಕು, ವೀಸಾ ಬೇಕಿಲ್ಲ. ಟಿಬೆಟನ್ನರ ನೆಲೆಯಿರುವ ಮುಂಡಗೋಡಿನವರಿಗೂ ಅಷ್ಟೇ.

ಕರ್ನಾಟಕದ ಬಿಎಯಲ್ಲಿ ಎರಡನ್ನೂ ಓದಲು ಆಗುತ್ತದಾ?

ಆಗುತ್ತದೆ, ಸ್ವಲ್ಪ ಹೊಂದಿಸಿಕೊಳ್ಳಬೇಕು ಅಷ್ಟೆ. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ. ಸಮಾಜಶಾಸ್ತ್ರ ಒಂದು ಮುಖ್ಯ ವಿಷಯ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಭಾಷಾ ಪತ್ರಿಕೆಯಾಗಿ ಫ್ರೆಂಚ್ ತೆಗೆದುಕೊಳ್ಳಬಹುದು. ಅದರಿಂದ ಅಂಕ ಬರುತ್ತದೆ, ಪುಸ್ತಕ ಓದುವಷ್ಟು ಭಾಷೆ ಬರುವುದಿಲ್ಲ. ವಾರಕ್ಕೆ ಕೆಲವೇ ಗಂಟೆಯ ಪಾಠದಲ್ಲಿ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದೂ ತಪ್ಪು.

ಹಾಗಾಗಿ ಹೆಚ್ಚಿನವರ ದಾರಿ ಒಂದೇ: ಬೆಳಿಗ್ಗೆ ಕಾಲೇಜು, ಸಂಜೆ ಅಥವಾ ಶನಿವಾರ-ಭಾನುವಾರ ಭಾಷೆ. ಜರ್ಮನ್‌ಗೆ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್‌ಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಅಲ್ಲಿನ ಫೀಸು ಭಾರ ಅನ್ನಿಸಿದರೆ ವಿಶ್ವವಿದ್ಯಾಲಯಗಳ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸ್‌ಗಳಿವೆ. ಬೆಂಗಳೂರು ನಗರ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ಊರಿನಿಂದ ಬೆಂಗಳೂರಿಗೆ ಬರಲು ಆಗದವರು ಆನ್‌ಲೈನ್ ಕ್ಲಾಸ್ ಸೇರಿ. ಆದರೆ ಮೇಷ್ಟ್ರು ಪರದೆಯ ಆ ಕಡೆ ಇದ್ದು ನಿಮ್ಮ ಬಾಯಿಂದ ಮಾತು ಹೊರಡಿಸುವಂಥ ಕ್ಲಾಸ್ ಆಗಿರಲಿ. ರೆಕಾರ್ಡ್ ಮಾಡಿದ ವಿಡಿಯೊ ಕೊಡುವ ಕ್ಲಾಸ್‌ಗೆ ದುಡ್ಡು ಹಾಕಬೇಡಿ.

ಕರ್ನಾಟಕದ ಹೊರಗೆ?

ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಎರಡರಲ್ಲೂ ವಿದೇಶಿ ಭಾಷೆಯಲ್ಲೇ ಬಿಎ ಮಾಡಬಹುದು. ಜೆಎನ್‌ಯುನಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಅಲ್ಲದೆ ರಷ್ಯನ್, ಜಪಾನಿ, ಕೊರಿಯನ್, ಚೀನಿ, ಪರ್ಷಿಯನ್ ಕೂಡ ಇವೆ. ಅ ಆ ಇ ಈಯಿಂದಲೇ ಕಲಿಸುತ್ತಾರೆ, ಮೊದಲೇ ಬರಬೇಕೆಂದಿಲ್ಲ. ಆಮೇಲೆ ಅಲ್ಲೇ ಸಮಾಜಶಾಸ್ತ್ರದಲ್ಲಿ ಎಂಎಗೆ ಅರ್ಜಿ ಹಾಕಬಹುದು, ಬಿಎಯಲ್ಲಿ ಸಮಾಜಶಾಸ್ತ್ರ ಓದಿರಲೇಬೇಕು ಎಂಬ ಷರತ್ತಿಲ್ಲ.

ನನಗಂತೂ ಈ ದಾರಿಯೇ ಹೆಚ್ಚು ಇಷ್ಟ. ಭಾಷೆಗೆ ವಯಸ್ಸು, ಪುರುಸೊತ್ತು ಎರಡೂ ಬೇಕು. 18ರಲ್ಲಿ ಇರುವ ಪುರುಸೊತ್ತು 23ರಲ್ಲಿ ಇರುವುದಿಲ್ಲ. ಸಮಾಜಶಾಸ್ತ್ರವನ್ನು 21ಕ್ಕೆ ಶುರು ಮಾಡಿದರೂ ನಷ್ಟವಿಲ್ಲ, ನಾಲ್ಕು ಊರು ನೋಡಿದ ಮೇಲೆ ಅದು ಇನ್ನೂ ಚೆನ್ನಾಗಿ ತಲೆಗೆ ಹತ್ತುತ್ತದೆ.

ನಾನು ಕನ್ನಡ ಮೀಡಿಯಂ. ಇಂಗ್ಲಿಷೇ ಅಷ್ಟಕ್ಕಷ್ಟೆ. ಮೂರನೆಯದು ಹತ್ತುತ್ತದಾ?

ಈ ಪ್ರಶ್ನೆ ಕೇಳುವಾಗ ಎಲ್ಲರ ದನಿಯೂ ಸಣ್ಣಗಾಗುತ್ತದೆ. ಹೆದರಬೇಡಿ. ಜರ್ಮನ್ ವ್ಯಾಕರಣದಲ್ಲಿ ಇಂಗ್ಲಿಷ್ ಮೀಡಿಯಂನವರು ತಡವರಿಸುವ ಕೆಲವು ಜಾಗಗಳಲ್ಲಿ ಕನ್ನಡದವರು ಸಲೀಸಾಗಿ ದಾಟುತ್ತಾರೆ.

'ಅವನು ನಾಳೆ ಬರುತ್ತಾನೆ ಅಂತ ನನಗೆ ಗೊತ್ತು' ಅನ್ನಿ. ಜರ್ಮನ್‌ನಲ್ಲಿ ಇದು 'ಇಶ್ ವೈಸ್, ದಸ್ ಎರ್ ಮೊರ್ಗನ್ ಕೊಮ್ಟ್'. ಒಳವಾಕ್ಯದಲ್ಲಿ ಅವನು, ನಾಳೆ, ಬರುತ್ತಾನೆ, ಇದೇ ಕ್ರಮ. ಕ್ರಿಯಾಪದ ಕೊನೆಯಲ್ಲಿ. ವೇಬರ್ ಅವರ ಆರು ಸಾಲಿನ ವಾಕ್ಯದಲ್ಲಿ ಕ್ರಿಯಾಪದಕ್ಕಾಗಿ ಕೊನೆಯವರೆಗೂ ಕಾಯುವುದು ನಮಗೆ ಹೊಸದಲ್ಲ. ವಿಭಕ್ತಿಗಳೂ ಅಷ್ಟೆ, 'ಮರವನ್ನು, ಮರಕ್ಕೆ' ಅಂತ ಹೈಸ್ಕೂಲಿನಲ್ಲಿ ಗಟ್ಟಿ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೀನು-ನೀವು ಭೇದವೂ ಇದೆ. ಜರ್ಮನ್‌ನಲ್ಲಿ 'ದು-ಜೀ', ಫ್ರೆಂಚ್‌ನಲ್ಲಿ 'ತ್ಯು-ವೂ'. ಅಪರಿಚಿತರನ್ನು ಸಂದರ್ಶನ ಮಾಡುವಾಗ ಯಾವುದನ್ನು ಬಳಸಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ತಲೆನೋವು ಕೊಡುವುದು ಲಿಂಗ. ಕನ್ನಡದಲ್ಲಿ ಮೇಜು, ಚಮಚ ಎಲ್ಲವೂ 'ಅದು'. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಇದಕ್ಕೆ ತರ್ಕ ಹುಡುಕಬೇಡಿ, ಪ್ರತಿ ಪದವನ್ನೂ ಅದರ 'ದೆರ್, ದೀ, ದಸ್' ಸಮೇತ ಬಾಯಿಪಾಠ ಮಾಡಿ. ಇನ್ನು ಪಠ್ಯಪುಸ್ತಕಗಳ ವಿವರಣೆ ಇಂಗ್ಲಿಷ್‌ನಲ್ಲೋ ಜರ್ಮನ್‌ನಲ್ಲೋ ಇರುತ್ತದೆ. ನಿಮ್ಮ ನೋಟ್ಸನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಯಾರೂ ಬೈಯುವುದಿಲ್ಲ.

ಎಷ್ಟು ಕಾಲ ಬೇಕು?

ಎ1ರಿಂದ ಸಿ2ರವರೆಗೆ ಆರು ಹಂತ. ಸಮಾಜಶಾಸ್ತ್ರದ ಓದು ನಿಜವಾಗಿ ಶುರುವಾಗುವುದು ಬಿ2ನಲ್ಲಿ. ಜರ್ಮನ್‌ನಲ್ಲಿ ಅಲ್ಲಿಗೆ ತಲುಪಲು 45 ನಿಮಿಷದ 600ರಿಂದ 800 ಪಾಠ ಬೇಕಾಗುತ್ತದೆ ಎಂಬುದು ಮ್ಯಾಕ್ಸ್ ಮುಲ್ಲರ್ ಭವನ ನಡೆಸುವ ಗಯಟೆ ಸಂಸ್ಥೆಯದೇ ಅಂದಾಜು. ವಾರಕ್ಕೆ ಐದಾರು ಪಾಠದ ಲೆಕ್ಕ ಹಾಕಿದರೆ ಡಿಗ್ರಿಯ ಮೂರು ವರ್ಷ ಪೂರ್ತಿ ಹಿಡಿಯುತ್ತದೆ. ಮೂರನೇ ವರ್ಷದಲ್ಲಿ ಶುರು ಮಾಡಿ 'ಆರು ತಿಂಗಳಲ್ಲಿ ಬಿ2' ಎಂಬ ಜಾಹೀರಾತು ನಂಬಿದರೆ ಪರೀಕ್ಷೆ ಪಾಸಾಗಬಹುದು, ಪುಸ್ತಕ ತೆರೆದಾಗ ಬಣ್ಣ ಬಯಲಾಗುತ್ತದೆ.

ಆ ಭಾಷೆಯಲ್ಲಿ ಸಮಾಜಶಾಸ್ತ್ರ ಓದುವುದು ಯಾವಾಗ, ಹೇಗೆ ಶುರು ಮಾಡಲಿ?

ಬಿ1 ನಡೆಯುತ್ತಿರುವಾಗಲೇ ಕೈ ಹಾಕಿ. ಈಗಾಗಲೇ ಕ್ಲಾಸಿನಲ್ಲಿ ಪಾಠ ಆಗಿರುವ ಭಾಗವನ್ನೇ ಆರಿಸಿಕೊಳ್ಳಿ. ಡರ್ಖೀಮ್ ಅವರ 1897ರ ಆತ್ಮಹತ್ಯೆಯ ಅಧ್ಯಯನ ನೋಡಿ. ವಾದ ಏನು ಅಂತ ನಿಮಗೆ ಗೊತ್ತು. ಕ್ಯಾಥೊಲಿಕರು, ಪ್ರಾಟೆಸ್ಟಂಟರು, ಮದುವೆಯಾದವರು, ಆಗದವರು, ಪಟ್ಟಿಗಳು. ಗೊತ್ತಿರುವ ವಾದವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದಿದಾಗ ಊಹೆ ಕೈಹಿಡಿಯುತ್ತದೆ. ದಿನಕ್ಕೆ ಒಂದು ಪ್ಯಾರಾ ಸಾಕು. ಮೊದಲು ಡಿಕ್ಷನರಿ ಮುಟ್ಟದೆ ಒಮ್ಮೆ ಓದಿ. ಆಮೇಲೆ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಕೊನೆಗೆ ಆ ಪ್ಯಾರಾ ಏನು ಹೇಳಿತು ಅಂತ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಆ ಎರಡು ಸಾಲು ಬರೆಯಲು ಆಗದಿದ್ದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ದುಡ್ಡು ಖರ್ಚಿಲ್ಲ. ಡರ್ಖೀಮ್ ಅವರ ಫ್ರೆಂಚ್ ಮೂಲವನ್ನು ಕ್ವಿಬೆಕ್‌ನ ಶಿಕೂಟಿಮಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಹಾಕಿದ್ದಾರೆ. ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ 'ಗಾಲಿಕಾ'ದಲ್ಲಿ ಹಳೆಯ ಪತ್ರಿಕೆಗಳಿವೆ. ಸಂಶೋಧನಾ ಪತ್ರಿಕೆಗಳ ಹಿಂದಿನ ಸಂಚಿಕೆಗಳಿಗೆ 'ಪೆರ್ಸೆ', ಹೊಸ ಲೇಖನಗಳಿಗೆ 'ಓಪನ್ ಎಡಿಷನ್' ಇವೆ. ಕಿವಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯವರ ನಿಧಾನ ಓದುವ ಜರ್ಮನ್ ವಾರ್ತೆ, ಫ್ರೆಂಚ್‌ಗೆ ಫ್ರಾನ್ಸ್‌ನ ರೇಡಿಯೊ ಆರ್‌ಎಫ್‌ಐ. ಬಸ್ಸಿನಲ್ಲಿ ಕೇಳಿ.

ಮೊಬೈಲ್ ಆ್ಯಪ್ ಸಾಕಾಗಲ್ವಾ?

ಎ1 ತನಕ ಮೋಜಿಗೆ ಪರವಾಗಿಲ್ಲ. ಅಷ್ಟೆ.

ಯಾವ ಪರೀಕ್ಷೆ ಬರೆಯಲಿ?

ಫ್ರೆಂಚ್‌ಗೆ ಡೆಲ್ಫ್. 100ಕ್ಕೆ 50 ಬೇಕು, ನಾಲ್ಕು ಭಾಗಗಳಲ್ಲೂ 25ಕ್ಕೆ ಕನಿಷ್ಠ 5 ಬರಲೇಬೇಕು. ಜರ್ಮನ್‌ಗೆ ಗಯಟೆ ಪರೀಕ್ಷೆ. ಬಿ1ರಿಂದ ಓದು, ಕೇಳು, ಬರೆ, ಮಾತಾಡು ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬಹುದು, ಒಂದೊಂದರಲ್ಲೂ ಪಾಸಾಗಲು 100ಕ್ಕೆ 60 ಬೇಕು. ಒಂದರಲ್ಲಿ ಬಿದ್ದರೆ ಅದನ್ನಷ್ಟೇ ಮತ್ತೆ ಬರೆದರಾಯಿತು. ಜರ್ಮನಿಯಲ್ಲಿ ಜರ್ಮನ್ ಮಾಧ್ಯಮದಲ್ಲೇ ಓದುವುದಾದರೆ ಸಾಮಾನ್ಯವಾಗಿ ಟೆಸ್ಟ್‌ಡಾಫ್ ಎಂಬ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ 4ನೇ ದರ್ಜೆ ಕೇಳುತ್ತಾರೆ. ಬರೀ ಹಳೆಯ ಕಡತ ಓದಲು ಕಲಿಯುತ್ತಿರುವವರು ಪರೀಕ್ಷೆಯ ಗೊಡವೆಗೇ ಹೋಗಬೇಕಿಲ್ಲ.

ಅಲ್ಲಿಗೇ ಹೋಗಿ ಓದುವುದಾದರೆ?

ಪಿಯುಸಿ ಆದ ತಕ್ಷಣ ಜರ್ಮನಿಯಲ್ಲಿ ನೇರವಾಗಿ ಬಿಎ ಸೀಟು ಸಿಗುವುದು ಕಷ್ಟ. ಇಲ್ಲಿ ಡಿಗ್ರಿ ಮುಗಿಸಿ ಎಂಎಗೆ ಹೋಗುವುದೇ ವಾಸಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಹೆಚ್ಚಿನ ಕಡೆ ಇಲ್ಲ. ಆದರೆ ಹೈಡೆಲ್‌ಬರ್ಗ್, ಫ್ರೈಬುರ್ಗ್, ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಇದೆ. 'ಜರ್ಮನಿಯಲ್ಲಿ ಎಲ್ಲ ಫ್ರೀ' ಅನ್ನುವ ಏಜೆಂಟರು ಇದನ್ನು ಹೇಳುವುದಿಲ್ಲ. ಇದರ ಮೇಲೆ ವೀಸಾಗೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. 2022ರ ನವೆಂಬರ್‌ನಿಂದ ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಕೂಡ ಕಡ್ಡಾಯ, ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ. ಮೊತ್ತಗಳು ಆಗಾಗ ಏರುತ್ತವೆ, ಅರ್ಜಿ ಹಾಕುವ ವರ್ಷದ ಲೆಕ್ಕವನ್ನೇ ಹಿಡಿಯಿರಿ.

ಎಲ್ಲಿಗೆ ಅಂತ ಕೇಳಿದರೆ, ಸಿದ್ಧಾಂತ ಇಷ್ಟಪಡುವವರಿಗೆ ಬೀಲೆಫೆಲ್ಡ್. ಸಮಾಜಶಾಸ್ತ್ರಜ್ಞ ಲುಹ್ಮನ್ ಪಾಠ ಮಾಡಿದ ಜಾಗ, ಸಮಾಜಶಾಸ್ತ್ರಕ್ಕೇ ಒಂದು ಪೂರ್ತಿ ನಿಕಾಯವಿದೆ. ಭಾರತದ ಬಗ್ಗೆಯೇ ಕೆಲಸ ಮಾಡಬೇಕಾದರೆ ಗೋಟಿಂಗನ್‌ನ ಆಧುನಿಕ ಭಾರತ ಅಧ್ಯಯನ ಕೇಂದ್ರ ಅಥವಾ 1962ರಲ್ಲಿ ಶುರುವಾದ ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ. ವುರ್ಟ್ಸ್‌ಬುರ್ಗ್‌ನಲ್ಲಿ ಜರ್ಮನ್ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದ ಇತಿಹಾಸವಿದೆ, ನಮ್ಮ ಕನ್ನಡ ವಿದ್ವಾಂಸ ವಿವೇಕ ರೈಯವರು ಅಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

ಕ್ಷೇತ್ರಕಾರ್ಯ ಇಲ್ಲೇ ಮಾಡುವವರಿಗೂ ವಿದೇಶಿ ಭಾಷೆ ಬೇಕಾ?

ಬೇಕೇ ಬೇಕು ಅಂತಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಮಾಡಿದ ಕೆಲಸಕ್ಕೆ ಬೇಕಾಗಿದ್ದದ್ದು ಕನ್ನಡ, ತಾಳ್ಮೆ ಮತ್ತು ಚಾವಡಿಯಲ್ಲಿ ಕೂರುವ ಅಭ್ಯಾಸ. ಅದು ಕೈಯಲ್ಲಿದ್ದವರಿಗೆ ಜರ್ಮನ್ನೋ ಅರಬ್ಬಿಯೋ ಇನ್ನೊಂದು ಬಾಗಿಲು ತೆರೆಯುತ್ತದೆ. ಅದಿಲ್ಲದೆ ಬರೀ ಜರ್ಮನ್ ಇದ್ದರೆ ಮಂಗಳೂರಿನ ಹೆಂಚಿನ ಕಾರ್ಖಾನೆಯ ಕಾಗದ ಓದಬಹುದು, ಆ ಕಾರ್ಮಿಕರ ಮೊಮ್ಮಕ್ಕಳನ್ನು ಮಾತಾಡಿಸಲು ಬರುವುದಿಲ್ಲ.

ಓದಿ ಮುಗಿಸಿದ ಮೇಲೆ ಕೆಲಸ?

ಅಪ್ಪ-ಅಮ್ಮನ ಪ್ರಶ್ನೆ, ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಬಿ2 ಅಥವಾ ಅದಕ್ಕಿಂತ ಮೇಲಿನ ಜರ್ಮನ್, ಫ್ರೆಂಚ್, ಜಪಾನಿ ಬರುವವರಿಗೆ ಕಂಪನಿಗಳಲ್ಲಿ 'ಲ್ಯಾಂಗ್ವೇಜ್ ಪ್ರೊಸೆಸ್' ಕೆಲಸ ಸಿಗುತ್ತದೆ. ಅದೇ ಕೆಲಸವನ್ನು ಇಂಗ್ಲಿಷ್‌ನಲ್ಲಿ ಮಾಡುವವರಿಗಿಂತ ಸಂಬಳ ಹೆಚ್ಚು. ಆದರೆ ಅಲ್ಲಿ ನಿಮ್ಮ ಸಮಾಜಶಾಸ್ತ್ರಕ್ಕೆ ಕೆಲಸವಿಲ್ಲ, ಬಿಲ್ಲು ಮತ್ತು ದೂರುಗಳ ನಡುವೆ ದಿನ ಹೋಗುತ್ತದೆ. ಎರಡೂ ಒಟ್ಟಿಗೆ ಉಪಯೋಗಕ್ಕೆ ಬರುವುದು ಮಾರುಕಟ್ಟೆ ಸಂಶೋಧನೆ, ಬಳಕೆದಾರರ ಅಧ್ಯಯನ, ವಲಸೆ ಮತ್ತು ಅಭಿವೃದ್ಧಿ ಸಂಸ್ಥೆಗಳು, ಅನುವಾದ, ಸಂಶೋಧನೆಗಳಲ್ಲಿ. ಅಲ್ಲಿ ಹುದ್ದೆ ಕಡಿಮೆ, ಪೈಪೋಟಿಯೂ ಕಡಿಮೆ.

ಶಾಲೆಯಲ್ಲಿ ಭಾಷಾ ಶಿಕ್ಷಕರಾಗುವ ಯೋಚನೆ ಇದ್ದರೆ ಸ್ವಲ್ಪ ತಡೆದು ನೋಡಿ. 2014ರಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯ ಜಾಗದಿಂದ ಜರ್ಮನ್ ತೆಗೆದು ಸಂಸ್ಕೃತ ತಂದರು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಮೂರು ಭಾಷೆಗಳಲ್ಲಿ ಎರಡು ಭಾರತದವೇ ಆಗಿರಬೇಕು ಎಂದಿದೆ. ಇಂಗ್ಲಿಷ್ ಒಂದು ಜಾಗ ಹಿಡಿದ ಮೇಲೆ ಫ್ರೆಂಚ್‌ಗೆ ಉಳಿಯುವುದೇನು?

ನೆಟ್ ಪರೀಕ್ಷೆಗೆ ಭಾಷೆಯ ಸರ್ಟಿಫಿಕೇಟ್ ಸಾಕಾ?

ಸಾಲದು. ಕಾಲೇಜು ಉಪನ್ಯಾಸಕರಾಗಲು ಬರೆಯುವ ಈ ಪರೀಕ್ಷೆಯಲ್ಲಿ ಸಮಾಜಶಾಸ್ತ್ರವೂ ಜರ್ಮನ್, ಫ್ರೆಂಚ್ ಕೂಡ ಬೇರೆ ಬೇರೆ ವಿಷಯಗಳು. ಉಪನ್ಯಾಸಕರ ಅರ್ಹತೆಗಾಗಿ ಭಾಷೆಯಲ್ಲಿ ಬರೆಯಬೇಕಾದರೆ ಆ ಭಾಷೆಯಲ್ಲಿ ಎಂಎ ಬೇಕು, ಬಿ2 ಅಥವಾ ಸಿ1 ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ. ಉಪನ್ಯಾಸಕರಾಗಬೇಕು ಅಂತಿದ್ದರೆ ಎಂಎ ಯಾವುದರಲ್ಲಿ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಮಧ್ಯದಲ್ಲಿ ಸಾಕಾಗಿ ಹೋದರೆ?

ಪರೀಕ್ಷೆ ತಿಂಗಳಲ್ಲಿ ಎಲ್ಲರಿಗೂ ಹಾಗನ್ನಿಸುತ್ತದೆ. ಆ ಸಮಯದಲ್ಲಿ ಕ್ಲಾಸ್ ನಿಲ್ಲಿಸಿದರೂ ದಿನಕ್ಕೆ ಹತ್ತು ನಿಮಿಷದ ವಾರ್ತೆ ಕೇಳುವುದನ್ನು ನಿಲ್ಲಿಸಬೇಡಿ, ಮತ್ತೆ ಸೇರುವಾಗ ಮೊದಲಿನಿಂದ ಶುರು ಮಾಡುವ ಕೆಲಸ ತಪ್ಪುತ್ತದೆ. ಎ2 ಮುಗಿದ ಮೇಲೂ ಆ ಭಾಷೆಯಲ್ಲಿ ಓದಬೇಕು ಅನ್ನಿಸುವ ಒಂದೇ ಒಂದು ಪುಸ್ತಕವೂ, ಮಾತಾಡಿಸಬೇಕು ಅನ್ನಿಸುವ ಒಬ್ಬರೂ ಸಿಗದಿದ್ದರೆ ಬಿಟ್ಟುಬಿಡಿ. ಆ ಸಂಜೆಗಳನ್ನು ಸಂಖ್ಯಾಶಾಸ್ತ್ರ ಕಲಿಯಲು ಬಳಸಿ, ಸಮಾಜಶಾಸ್ತ್ರದವರಿಗೆ ಅದೂ ಸಾಕಷ್ಟು ಕಡಿಮೆಯೇ ಇರುತ್ತದೆ.